ಟಿಚ್ ಬಟನ್ ಅಂಗಿ

ತಂತಿಯ ಮೇಲೆ ಇವತ್ತೂ ಗಂಡಸಿನ ಅಂಗಿ ಒಣಗುತ್ತಿತ್ತು.

ದರ್ಜಿ ಎದುರು ಕಟ್ಟಡದ ಮೆಟ್ಟಿಲ ಮೇಲೆ ನಿಂತು, ವಿಚ್ಛೇದನವಾದ ಹೆಂಡತಿಯ ಮಾಳಿಗೆಯತ್ತ ಕಣ್ಣು ಕಿರಿದು ಮಾಡಿ ನೋಡಿದ. ಹನ್ನೊಂದು ದಿನದಿಂದ ಇದೇ ಕೆಲಸ. ಅಂಗಿಯ ಒಡೆಯ ಒಮ್ಮೆಯೂ ಹೊರಗೆ ತಲೆ ಹಾಕಿರಲಿಲ್ಲ. ಹಾಕದಿದ್ದರೇನು? ದರ್ಜಿಗೆ ಮುಖ ಬೇಕಿಲ್ಲ, ಬಟ್ಟೆ ಸಾಕು. ಎದೆ ಮೂವತ್ತಾರು, ಸಣಕಲ. ತೋಳು ಉದ್ದ. ಎಡಹೆಗಲು ಬಲಕ್ಕಿಂತ ಮುಕ್ಕಾಲು ಇಂಚು ಇಳಿಜಾರು. ಹೊಲಿಗೆ ಅವಳದೇ, ಅದಕ್ಕೆ ಸರಿಯಾಗಿಯೇ ಕತ್ತರಿಸಿದ್ದಾಳೆ. ಅಂದರೆ ಕೈಯಾರೆ ಅಳತೆ ತೆಗೆದಿದ್ದಾಳೆ! ಮುಂಭಾಗದಲ್ಲಿ ಗುಂಡಿಯೇ ಇಲ್ಲ. ಒತ್ತಿದರೆ ಕೂರುವ, ಎಳೆದರೆ ಬಿಡುವ ಟಿಚ್ ಬಟನ್.

"ಬಿಚ್ಚೋ ಆತುರ ನೋಡು" ಎಂದು ಹಲ್ಲು ಕಡಿದ.

ಮಧ್ಯಾಹ್ನ ವಕೀಲರ ಮುಂದೆ ಕುಳಿತ.

"ಅವರು ಇನ್ನೊಬ್ಬರ ಜೊತೆ ಸಂಸಾರ ಮಾಡ್ತಿದ್ರೆ ಜೀವನಾಂಶ ನಿಲ್ಲಿಸಿ ಅಂತ ಕೇಳಬಹುದು. ಆದ್ರೆ ಒಂದೇ ಮನೇಲಿದ್ದಾರೆ ಅಂದ್ರೆ ಸಾಲದು ಕಣ್ರೀ."

"ಒಂದೇ ಮನೆಯಾ? ಕಿಟಕೀಲಿ ಕಾಣುತ್ತೆ, ಎರಡು ತಟ್ಟೆಗೆ ಬಡಿಸೋದು ಅವಳು, ಒಗೆಯೋದು ಅವಳು, ಔಷಧಿ ಅಂಗಡಿಗೆ ಓಡೋದೂ ಅವಳೇ. ಬಿಸಿನೀರು ಬೇರೆ ಕಾಯಿಸ್ತಾಳೆ ಸಾರ್! ನನಗೆ ಒಂದಿನ ಕಾಯಿಸಿದ್ಲಾ?"

"ಪ್ರಮಾಣ ಮಾಡಿ ಹೇಳ್ತೀರಾ?"

"ದೇವರ ಮೇಲೆ."

"ನಿಮ್ಮ ಮೇಲೆ ಬೇರೆ ಹೊಣೆ ಏನಾದ್ರೂ?"

"ಅಪ್ಪ ಇದ್ದಾರಲ್ಲ, ವೃದ್ಧಾಶ್ರಮದಲ್ಲಿ. ಪೂರ್ತಿ ಖರ್ಚು ನಂದೇ."

ವಕೀಲರು ಆಶ್ರಮದ ಹೆಸರು ಕೇಳಿದಾಗ ಅವನಿಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಹೇಳುತ್ತೇನೆಂದು ಎರಡು ಕಡೆ ಸಹಿ ಹಾಕಿದ.

ಅಂಗಡಿಗೆ ಬಂದಾಗ ಮೈ ಹಗುರವಾಗಿತ್ತು. ಗಾಜಿನ ಹಿಂದೆ, ಅಪ್ಪ ಬೀದಿಬೀದಿ ಹೊತ್ತು ತಿರುಗಿದ್ದ ಹಳೆಯ ಹೊಲಿಗೆ ಕೈಯಂತ್ರ ಅಲಂಕಾರಕ್ಕೆ ಕುಳಿತಿತ್ತು. ಗಿರಾಕಿಗಳಿಗೆ ಅದೆಂದರೆ ಪ್ರಾಣ. ಮೂಲೆಯಲ್ಲಿ ಗುಂಡಿಗೆ ಕಾಜಾ ಹಾಕುವ ಅಜ್ಜಿ ಕನ್ನಡಕ ಸರಿಸಿ ಹೇಳಿದಳು:

"ಬಿಟ್ಟುಬಿಡೋ ಮಾರಾಯ. ಅವಳ ಪಾಡಿಗೆ ಅವಳಿರಲಿ."

"ಬಿಡೋದಾ? ನ್ಯಾಯಾಧೀಶರ ಮುಂದೆ ನನ್ನನ್ನ ಕಟುಕ ಅಂದಳಲ್ಲ ಅಜ್ಜಿ! ತುಂಬಿದ ಕೋರ್ಟಲ್ಲಿ! ಅವಳು ಬೀದಿಗೆ ಬಂದು ನನ್ನ ಮುಂದೆ ಕೈ ಚಾಚಬೇಕು, ಅಲ್ಲೀವರೆಗೂ ನನಗೆ ನಿದ್ದೆ ಇಲ್ಲ."

"ಚಾಚ್ತಾರೆ ಬಿಡು, ಯಾರೋ ಒಬ್ಬರು" ಎಂದು ಅಜ್ಜಿ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು.

ವಿಚಾರಣೆಯ ದಿನ ದರ್ಜಿ ಇಸ್ತ್ರಿಯ ಗೆರೆ ಮುರಿಯದ ಹಾಗೆ ನಿಂತು, ಕಂಡದ್ದನ್ನೆಲ್ಲ ಪ್ರಮಾಣ ಮಾಡಿ ಹೇಳಿದ. ಅಂಗಿಯ ಅಳತೆಯನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ನ್ಯಾಯಾಧೀಶರು ಆಕೆಯ ಕಡೆ ತಿರುಗಿದರು. "ಇದು ನಿಜವೇನಮ್ಮಾ?"

"ಪ್ರತಿಯೊಂದು ಮಾತೂ ನಿಜ ಸ್ವಾಮಿ. ಎರಡು ವರ್ಷದಿಂದ ನನ್ನ ಜೊತೆಗೇ ಇದ್ದಾರೆ. ಊಟ, ಬಟ್ಟೆ, ಔಷಧಿ ಎಲ್ಲಾ ನಾನೇ. ನಾನು ಹೇಳಿದ್ರೆ ಯಾರೂ ನಂಬ್ತಿರಲಿಲ್ಲ. ಇವರ ಬಾಯಿಂದಲೇ ಬಂತಲ್ಲ, ಹಾಗೇ ಬರೆಸಿಕೊಳ್ಳಿ."

ದರ್ಜಿಗೆ ನಗು ತಡೆಯಲಾಗಲಿಲ್ಲ. ತಾನಾಗಿಯೇ ಬಲೆಗೆ ಬಿದ್ದಳು!

"ಆ ವ್ಯಕ್ತಿ ಎಲ್ಲಿ?"

"ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ. ಅವರದೂ ಒಂದು ಅರ್ಜಿ ಇದೆ. ಆದ್ರೆ ಇವರು ಗುರುತು ಹಿಡೀತಾರೋ ಇಲ್ವೋ."

"ಸಾವಿರ ಜನದ ಮಧ್ಯೆ ನಿಲ್ಲಿಸಿ," ಎಂದು ದರ್ಜಿ ಎದೆ ಉಬ್ಬಿಸಿದ, "ಹೆಗಲು ನೋಡಿ ಹೇಳ್ತೀನಿ."

ಬಾಗಿಲು ತೆರೆಯಿತು, ಕೈಯಂತ್ರ ಹೊತ್ತು ಹೊತ್ತು ಎಡಹೆಗಲು ಜಗ್ಗಿದ ಅಪ್ಪ, ಒಂದು ಗುಂಡಿಯನ್ನೂ ಹಾಕಿಕೊಳ್ಳಲಾಗದಷ್ಟು ನಡುಗುವ ಬೆರಳುಗಳಲ್ಲಿ ಅರ್ಜಿ ಹಿಡಿದು, ಮಗನಿಂದ ಜೀವನಾಂಶ ಕೇಳಲು ಒಳಗೆ ಬಂದ.