ಸುಂದರಮ್ಮನ ಎಡಗೆನ್ನೆ

"ಇದು ಕಪ್ಪು ಮಾಡೋ ಔಷಧಿ ಕಣತ್ತೆ," ಎಂದು ಚೂಡಾಮಣಿ ಸೀಸೆಯ ಮೇಲಿನ ಇಂಗ್ಲಿಷನ್ನು ಇನ್ನೊಮ್ಮೆ ಓದಿ ಹೇಳಿದಳು. "ಬಿಸಿಲಿಗೆ ಹೋಗ್ದೇನೇ ಬೆಳ್ಳಗಿರೋ ಮೈನ ಕಂದು ಮಾಡ್ತದಂತೆ."

"ದುಡ್ಡು ಕೊಟ್ಟು ಯಾರಾದ್ರೂ ಕಪ್ಪಾಯ್ತಾರೇನೇ? ನನ್ ಕಿವಿ ಮೇಲೆ ಹೂ ಇಡ್ಬೇಡ." ಸೋದರತ್ತೆ ಸುಂದರಮ್ಮ ಸೀಸೆಯನ್ನು ಕಿತ್ತುಕೊಂಡಳು. ದಸರಾ ನೋಡಲು ಬಂದಿದ್ದ ಅಮೆರಿಕದ ಹೆಂಗಸೊಬ್ಬಳು ಹೋಟೆಲಿನಲ್ಲಿ ಬಿಟ್ಟುಹೋದ ಸೀಸೆ ಅದು. ರೂಮು ಗುಡಿಸುವ ಮಹದೇವು ತಂದುಕೊಟ್ಟಿದ್ದ. ಅಷ್ಟು ಬೆಳ್ಳಗಿರುವವಳು ಹಚ್ಚಿಕೊಳ್ಳುವುದು ಬೆಳ್ಳಗಾಗುವುದಕ್ಕಲ್ಲದೆ ಇನ್ನೇತಕ್ಕೆ? ಸುಂದರಮ್ಮನ ತರ್ಕವನ್ನು ಬ್ರಹ್ಮನೂ ಅಲ್ಲಾಡಿಸಲಾರ.

ಮಾರನೆಯ ದಿನ ಶ್ರೀರಾಂಪುರದವರು ಹೆಣ್ಣು ನೋಡಲು ಬರುವವರಿದ್ದರು. ಹಿಂದೆ ಬಂದವರೆಲ್ಲ ಉಪ್ಪಿಟ್ಟು, ಕೇಸರಿಬಾತು ಮುಗಿಸಿ, "ಬಣ್ಣ ಒಂಚೂರು ಕಮ್ಮಿ" ಎಂದು ಕೈ ತೊಳೆದುಕೊಂಡು ಹೋಗಿದ್ದರು. ತಾಯಿಯಿಲ್ಲದ ಚೂಡಾಮಣಿಗೆ ಅದಕ್ಕಿಂತ ನೋವಾಗಿದ್ದು, ಪ್ರತಿ ಸಲವೂ ಬೆಳ್ಳನೆಯ ಅತ್ತೆ ಹೌದೆಂದು ತಲೆದೂಗಿದ್ದು. ಈ ಸಲ ಒಪ್ಪಲಿ, ಬಿಡಲಿ, ತನ್ನ ಮುಖವನ್ನೇ ತೋರಿಸಬೇಕೆಂದು ಅವಳು ಹಟ ಹಿಡಿದಿದ್ದಳು.

"ಹೋಗ್ಲಿ, ಮೊದ್ಲು ಒಂದ್ಕಡೆ ಹಚ್ಚಿ ನೋಡ್ಬೇಕಂತೆ. ಕೆಲವರಿಗೆ ಮೈ ಕಡೀತದಂತೆ, ಗುಳ್ಳೆ ಏಳ್ತದಂತೆ."

ಈ ಮಾತು ನಾಟಿತು. ನಾಳೆ ತೋರಿಸಬೇಕಾದ ಮುಖದ ಮೇಲೆ ಪರೀಕ್ಷೆ ಮಾಡುವುದುಂಟೆ? ಸುಂದರಮ್ಮ ತನ್ನ ಎಡಗೆನ್ನೆಗೇ ಹಚ್ಚಿಕೊಂಡಳು. ಒಂದು ಚೂರು ಸಾಕಿತ್ತು. ಆದರೆ ಬಿಟ್ಟಿ ಸಿಕ್ಕ ಅಮೆರಿಕದ ಮಾಲು, ಕೈ ತಡೆಯಲಿಲ್ಲ. ಕಿವಿಯ ಬುಡದಿಂದ ಗದ್ದದವರೆಗೂ ಬಳಿದುಕೊಂಡಳು.

ಸಂಜೆ ಕಚೇರಿಯಿಂದ ಬಂದ ಚೂಡಾಮಣಿಯ ಅಪ್ಪ ರಾಮಯ್ಯ ಬಾಗಿಲಲ್ಲೇ ನಿಂತ. "ಅಕ್ಕ, ಕೆನ್ನೆಗೇನಾಯ್ತು? ಒಲೆ ಮಸಿ ಮೆತ್ಕೊಂಡಿದೀಯಲ್ಲ?"

ಕನ್ನಡಿ ನೋಡಿಕೊಂಡ ಸುಂದರಮ್ಮ ಕಿಟಾರನೆ ಕಿರುಚಿದಳು. ಬಲಗೆನ್ನೆ ಹಾಲು, ಎಡಗೆನ್ನೆ ಸೀದುಹೋದ ಒಬ್ಬಟ್ಟು. ಕಡಲೆಹಿಟ್ಟು, ಸೀಗೆಪುಡಿ, ನಿಂಬೆಹಣ್ಣು, ಕೊನೆಗೆ ಬಟ್ಟೆ ಒಗೆಯುವ ಸೋಪೂ ಆಯಿತು. ಕೆನ್ನೆ ಉರಿಯಿತೇ ಹೊರತು ಜಪ್ಪಯ್ಯ ಅಂದರೂ ಬಣ್ಣ ಬಿಡಲಿಲ್ಲ.

"ಉಜ್ಬೇಡ ಅತ್ತೆ. ಮೇಲಿನ ಸತ್ತ ಚರ್ಮಕ್ಕೆ ಹಿಡ್ಕೊಂಡದೆ. ಅದು ತಾನಾಗೇ ಉದುರ್ಬೇಕು, ಒಂದು ವಾರ ಆಯ್ತದಂತೆ. ಅಪಾಯ ಏನಿಲ್ಲ."

"ಅಪಾಯ ಇಲ್ವಾ? ನಾಳೆ ಬಂದೋರ ಎದುರಿಗೆ ನಿಲ್ಬೇಕಾದೋಳು ನಾನಲ್ವೇನೇ!"

ಚೂಡಾಮಣಿ ನಕ್ಕುಬಿಟ್ಟಳು. ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ; ಹಿಂದೆ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಸುಂದರಮ್ಮ ಒಂದಷ್ಟು ಹೊತ್ತು ಅಮೆರಿಕಕ್ಕೂ ಮಹದೇವುಗೂ ಶಾಪ ಹಾಕಿದಳು. ಆಮೇಲೆ ತೆಪ್ಪಗೆ ಬಂದು ಸೋದರಸೊಸೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಸೀಸೆಯನ್ನು ಅವಳ ಕೈಗಿಟ್ಟು, ಬಲಗೆನ್ನೆ ಒಡ್ಡಿ ಕಣ್ಣು ಮುಚ್ಚಿದಳು.

"ಈ ಕಡೀಕೂ ಹಚ್ಬುಡೇ. ನೋಡ್ಕೊಂಡು ಹಚ್ಚು, ನಿನ್ ಬಣ್ಣಕ್ಕೇ ಬರ್ಬೇಕು."