ಎಡಗೆನ್ನೆಯ ಗಾಳಿ

"ಮಷೀನು ನೋಡಿ ಗಾಳಿ ತಿಳ್ಕೊಳ್ಳೋದು ಅಂದ್ರೆ, ಕನ್ನಡಿ ನೋಡಿ ಹಸಿವಾಗಿದ್ಯಾ ಅಂತ ತಿಳ್ಕೊಂಡ ಹಾಗೆ," ಎಂದ ಅಪ್ಪ, ಕೌಂಟರಿನ ಮೇಲಿದ್ದ ಗಾಳಿಮಾಪಕಕ್ಕೆ ಬೆರಳಿನಿಂದ ಟಕ್ಕೆಂದು ಹೊಡೆದು.

ಮಗಳು ನಗಲಿಲ್ಲ. ಅವಳ ಹುಬ್ಬಿನ ಮೇಲೆ ಐದು ಹೊಲಿಗೆಗಳಿದ್ದವು. ಹೋದ ಭಾನುವಾರ ಗಾಳಿ ಎಡಕ್ಕೆ ಹೊರಳಿದ್ದು ಚುಕ್ಕಾಣಿ ಹಿಡಿದಿದ್ದ ಅಪ್ಪನಿಗೆ ತಿಳಿಯದೆ, ಹಾಯಿಯ ಅಡ್ಡಮರ ಗಿರ್ರೆಂದು ತಿರುಗಿ ಅವಳ ಹಣೆಗೆ ಬಡಿದಿತ್ತು. ಆರು ತಿಂಗಳ ಹಿಂದೆ ಹೊಡೆದ ಲಕ್ವ ಅಪ್ಪನ ಕೈಕಾಲನ್ನು ವಾಪಸು ಕೊಟ್ಟಿತ್ತು, ಎಡಗೆನ್ನೆಯನ್ನು ಮಾತ್ರ ತಾನೇ ಇಟ್ಟುಕೊಂಡಿತ್ತು. ನಲವತ್ತು ವರ್ಷ ಗಾಳಿಯನ್ನು ಕೆನ್ನೆಯಲ್ಲೇ ಓದಿದವನು ಅದನ್ನು ಒಪ್ಪಲು ತಯಾರಿರಲಿಲ್ಲ.

"ಹೊಲಿಗೆ ಹಾಕಿದ ಡಾಕ್ಟ್ರು ಏನಂದ್ರು ಅಪ್ಪಾ, ಹೇಳು."

ಅಪ್ಪ ಮೂಗು ಹಿಡಿದು ಡಾಕ್ಟರ ದನಿ ತೆಗೆದ. "ನಿಮ್ಮ ದೋಣಿಗೊಂದು ಬ್ರೇಕ್ ಹಾಕಿಸಿ." ಮತ್ತೆ ತನ್ನ ದನಿಗೆ ಇಳಿದು, "ಆ ಪುಣ್ಯಾತ್ಮನಿಗೆ ನೀರು ಅಂದ್ರೆ ನಲ್ಲೀನೇ."

ಅಂಗಡಿಯವ ನಕ್ಕು ಡಯಲನ್ನು ಮುಂದೆ ತಳ್ಳಿದ. "ಮಾಪಕ ಹಾಯಿಕಂಬದ ತುದಿಗೆ, ಈ ಡಯಲ್ಲು ಚುಕ್ಕಾಣಿ ಹತ್ರ. ದೋಣಿ ಎಷ್ಟೇ ಓಲಾಡ್ಲಿ, ಮುಳ್ಳು ಗಾಬರಿಯಾಗಲ್ಲ. ನಿಧಾನಕ್ಕೆ ತಿರುಗೋ ಹಾಗೆ ಸೆಟ್ ಮಾಡಿದೀನಿ."

"ನನ್ನಳಿಯನ ಹಾಗೆ ಅನ್ನಿ," ಎಂದ ಅಪ್ಪ. "ನೋಡಿ, ನಾನು ಕಣ್ಣು ಮುಚ್ತೀನಿ. ಆ ಬ್ಯಾಟರಿ ಫ್ಯಾನು ಎಲ್ಲಾದ್ರೂ ಹಿಡೀರಿ. ತಪ್ಪು ಹೇಳಿದ್ರೆ ಅಂಗಡೀಲಿರೋ ಅಷ್ಟೂ ಮಷೀನು ನನ್ನ ದೋಣಿಗೆ."

ಅಂಗಡಿಯವ ಸದ್ದಿಲ್ಲದ ಆ ಪುಟ್ಟ ಫ್ಯಾನನ್ನು ಎಡಗಡೆ, ಮಾಪಕಕ್ಕೂ ಗಾಳಿ ತಾಗುವಂತೆ ಹಿಡಿದ. ಡಯಲಿನ ಮುಳ್ಳು ಎಡಕ್ಕೆ ಹೋಗಿ ನಿಂತಿತು. ಅಪ್ಪನ ಕಿವಿಯ ಪಕ್ಕದ ಬಿಳಿಗೂದಲು ಹಾರಾಡುತ್ತಿತ್ತು. ಅವನು ಮುಖವೆತ್ತಿ ಕಾದ. ಇನ್ನೂ ಕಾದ.

"ಬಲಗಡೆ," ಎಂದ. "ಬಲಗಡೆಯಿಂದ, ಸ್ವಲ್ಪ ಮುಂದೆ."

ಅಂಗಡಿಯವ ಮಗಳ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಮಾರಾಟ ಹೋದರೆ ಹೋಗಲಿ ಎನ್ನುವಂತೆ ಅವನು ತುದಿಗಾಲಲ್ಲಿ ನಡೆದು ಫ್ಯಾನನ್ನು ಬಲಗಡೆಗೆ ತಂದು ಹಿಡಿದ.

"ಕಣ್ಣು ಬಿಡಿ ಯಜಮಾನ್ರೇ. ನೀವೇ ಗೆದ್ರಿ."

ಅಪ್ಪನ ಮುಖದ ಅರ್ಧ ಭಾಗ ಅರಳಿತು. ಫ್ಯಾನು ನೋಡಿ ಬೀಗಿದ ಅಪ್ಪನ ಕಣ್ಣು ಡಯಲಿನತ್ತ ಹೊರಳಿತು. ಮುಳ್ಳು ಇನ್ನೂ ಎಡಗಡೆಯಿಂದ ಹೊರಟು ಬಲಕ್ಕೆ ಬರುತ್ತಿತ್ತು, ಯಾವ ಅವಸರವೂ ಇಲ್ಲದೆ. ಅದು ಬಂದು ನಿಲ್ಲುವ ತನಕ ಅವನು ನೋಡಿದ. ಅಂಗಡಿಯವ ಫ್ಯಾನು ಆರಿಸಿದ.

"ಕೇಬಲ್ಲು ಎಷ್ಟುದ್ದ ಬೇಕಾಗುತ್ತೆ?" ಎಂದು ಕೇಳಿದ ಅಪ್ಪ.

"ಹಾಯಿಕಂಬದಿಂದ, ಚುಕ್ಕಾಣಿ ಹಿಡಿದು ನೀವು ಕೂರೋ ಜಾಗದ ತನಕ. ಎಷ್ಟು ಅಡಿ ಇದೆ?"

"ನಾನು ಇನ್ನು ಮುಂದ್ಗಡೆ, ಹಗ್ಗದ ಹತ್ರ ಇರ್ತೀನಿ. ಅಲ್ಲಿ ಕೂರೋಳು ಇವಳು. ಇವಳನ್ನೇ ಕೇಳಿ."

ಅಂಗಡಿಯವ ಪೆನ್ನು ಹಿಡಿದು ಅವಳತ್ತ ತಿರುಗಿದ. ಅಪ್ಪ ಒಂದು ದಿನವೂ ಯಾರನ್ನೂ ಕೂರಿಸದ ಆ ಜಾಗ ಕಂಬದಿಂದ ಎಷ್ಟು ದೂರವೆಂದು ಅವಳಿಗೆ ಗೊತ್ತಿರಲಿಲ್ಲ.