ಮಂಗಳ ಗ್ರಹದ ಏಕೈಕ ಯುದ್ಧನೌಕೆ

ಮಂಗಳ ಗ್ರಹದಲ್ಲಿದ್ದುದು ಒಂದೇ ಕೆರೆ, ಕೆರೆಯಲ್ಲಿದ್ದುದು ಜಲಜಕ್ಕನ ಒಂದೇ ದೋಣಿ. ಭೂಮಿಯವರು ಆಳುತ್ತಿದ್ದಾಗ, ಜನ ಹತ್ತಿರ ಸುಳಿಯಬಾರದೆಂದು ಕೆರೆಯ ನಡುಗಡ್ಡೆಯಲ್ಲಿ ಬಂಗಲೆ ಕಟ್ಟಿಕೊಂಡಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅದೇ ಸಂಸತ್ ಭವನವಾಯಿತು.

ಸ್ವಂತ ನೌಕಾಪಡೆ ಇಲ್ಲದಿದ್ದರೆ ಭೂಮಿಯವರು ನಗುತ್ತಾರೆ ಎಂದು ರಕ್ಷಣಾ ಸಚಿವರು ಅಲ್ಲಿ ಮೂರು ದಿನ ವಾದಿಸಿದ್ದರು. ನಿನ್ನೆ ಸಂಜೆ ಮಸೂದೆ ಪಾಸಾಯಿತು. ಸಂಸದರನ್ನೆಲ್ಲ ದಡ ಮುಟ್ಟಿಸಿದ ಮೇಲೆ ದೋಣಿಯೂ ಜಲಜಕ್ಕನೂ ಒಟ್ಟಿಗೇ ಪಡೆಗೆ ಸೇರಿದರು.

ಬೆಳಿಗ್ಗೆ ಸಂಸದರೆಲ್ಲ ಎಂದಿನಂತೆ ದಡಕ್ಕೆ ಬಂದಾಗ ಜಲಜಕ್ಕ ಹುಟ್ಟನ್ನು ಅಡ್ಡ ಹಿಡಿದಳು.

“ಹತ್ತಲಿಕ್ಕಿಲ್ಲ ಮಾರಾಯ್ರೆ. ಇದು ಈಗ ಯುದ್ಧನೌಕೆ. ಪಡೆಯವರನ್ನು ಬಿಟ್ಟು ಬೇರೆ ಯಾರೂ ಕಾಲಿಡಬಾರದು ಅಂತ ನೀವೇ ಬರೆದದ್ದಲ್ವಾ?”

ಸಚಿವರು ತಲೆ ಕೆರೆದುಕೊಂಡರು. “ಅದು ಶತ್ರುಗಳಿಗೆ, ಜಲಜಕ್ಕ. ಇವತ್ತೇ ತಿದ್ದುಪಡಿ ತರ್ತೇವೆ. ಒಮ್ಮೆ ಆಚೆ ಬಿಡಿ.”

“ತನ್ನಿ. ತಂದ ಮೇಲೆ ಬಿಡ್ತೇನೆ.”

ತಿದ್ದುಪಡಿ ತರಬೇಕಾದ ಭವನ ನೀರಿನಾಚೆ ಹೊಳೆಯುತ್ತಿತ್ತು. ಎಲ್ಲರೂ ಅದನ್ನೇ ನೋಡುತ್ತ ನಿಂತರು. ಒಬ್ಬರಿಗೂ ಈಜು ಬರುತ್ತಿರಲಿಲ್ಲ.

“ಒಂದು ದಾರಿ ಉಂಟು,” ಎಂದಳು ಜಲಜಕ್ಕ. “ನೀವೂ ಪಡೆಗೆ ಸೇರಿ. ಒಬ್ಬಳೇ ಹುಟ್ಟು ಹಾಕಿ ಹಾಕಿ ನನ್ನ ಭುಜ ಬಿದ್ದುಹೋಗಿದೆ. ಚಪ್ಪಲಿ ಮಾತ್ರ ದಡದಲ್ಲೇ ಬಿಡಿ. ದೋಣಿ ಅಂದ್ರೆ ನಮಗೆ ದೇವರು.”

ಸಚಿವರು ತಮ್ಮ ಬೂಟಿನ ಲೇಸು ಬಿಚ್ಚಲು ಇನ್ನೂ ಬಗ್ಗುತ್ತಿದ್ದರು. ನೌಕಾಪಡೆಯೇ ಬೇಡವೆಂದು ಮೂರು ದಿನ ಗಂಟಲು ಹರಿದುಕೊಂಡಿದ್ದ ವಿರೋಧ ಪಕ್ಷದ ನಾಯಕರು ಅಷ್ಟರಲ್ಲಾಗಲೇ ಬರಿಗಾಲಲ್ಲಿ ದೋಣಿಯೇರಿ, ಹುಟ್ಟು ಹಿಡಿದು ಕೂತು, ಜಲಜಕ್ಕನಿಗೊಂದು ಸೆಲ್ಯೂಟ್ ಹೊಡೆದರು.